ದತ್ತಕಕ್ಕೆ ಬಂದ ದೇಸಾಯಿ ದತ್ತು ತಗೊಳ್ಳಲಿಲ್ಲ

ಗುಡಗೇರಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿಗೆ ಕಾಯುವ, ಡಿಗ್ರಿ ಮುಗಿಸಿದ ಹುಡುಗ-ಹುಡುಗಿಯರಿಗೆ ಬಿ.ಎಡ್ ಅಂದರೆ ಮೊದಲು ನೆನಪಾಗೋದು ಪಾಠವಲ್ಲ, ಫೀ. ಕೋರ್ಸು ಎರಡು ವರ್ಷದ್ದು, ಆಮೇಲೆ ಟಿಇಟಿ, ಆಮೇಲೆ ನೇಮಕಾತಿಗೆ ಕಾಯೋದು. ಅಷ್ಟು ದಿನ ಮನೆ ನಡೆಸೋರು ಯಾರು? ಈ ಪ್ರಶ್ನೆಗೆ ನೂರಿಪ್ಪತ್ತು ವರ್ಷದ ಹಿಂದೆ ತನ್ನ ಆಸ್ತಿಯನ್ನೇ ಉತ್ತರವಾಗಿ ಕೊಟ್ಟವನು ಇಲ್ಲಿಗೆ ಹತ್ತಿರದ ಶಿಗ್ಗಾಂವಿಯಲ್ಲಿ ಹುಟ್ಟಿದ್ದ.

ಸಿರಸಂಗಿ ಲಿಂಗರಾಜ ದೇಸಾಯಿ ಹುಟ್ಟಿದ್ದು 1861ರಲ್ಲಿ. ಹುಡುಗನಾಗಿದ್ದಾಗಲೇ ನವಲಗುಂದ-ಸಿರಸಂಗಿ ದೇಸಗತಿಗೆ ದತ್ತಕ ಹೋದ. ದೊಡ್ಡ ವಾಡೆ, ದೊಡ್ಡ ಜಮೀನು, ಅದರ ಜೊತೆಗೇ ದೊಡ್ಡ ವ್ಯಾಜ್ಯ. ದತ್ತಕ ಅಂದಮೇಲೆ ಕೋರ್ಟು ತಪ್ಪುವ ಕಾಲವಲ್ಲ ಅದು. ಆಸ್ತಿ ಕೈಗೆ ಬಂದ ಮೇಲೆ ಕೃಷಿ, ಕೆರೆ, ನೀರಿನ ಕಡೆ ಮನಸ್ಸು ಹಾಕಿದ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟುವ ಯೋಚನೆ ಮೊದಲು ಅವನದೇ ಅಂತ ಈ ಕಡೆ ಜನ ಈಗಲೂ ಹೇಳ್ತಾರೆ. ಅಣೆಕಟ್ಟು ಎದ್ದದ್ದು ಸ್ವಾತಂತ್ರ್ಯದ ನಂತರ. ಅದೇ ನೀರಿನ ಕರದ ವಿರುದ್ಧ 1980ರಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದಾಗ ಗುಂಡೇಟೂ ಬಿತ್ತು. ಅದು ಬೇರೆ ಕತೆ, ಆದರೆ ನೆಲ ಅದೇ.

1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿತು. ಅಧ್ಯಕ್ಷ ಲಿಂಗರಾಜ. ಆಗ ಈ ಭಾಗದಲ್ಲಿ ಡಿಗ್ರಿ ಕಾಲೇಜೇ ಇರಲಿಲ್ಲ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕು. ಫೀಗಿಂತ ಅಲ್ಲಿನ ಊಟ, ಖೋಲಿ ಬಾಡಿಗೆಯೇ ಭಾರ. ಜಾಣತನಕ್ಕೆ ಕೊರತೆ ಇರಲಿಲ್ಲ, ತಿಂಗಳ ಖರ್ಚಿಗೆ ಇತ್ತು.

ಲಿಂಗರಾಜನಿಗೆ ವಾರಸುದಾರ ಮಗ ಇರಲಿಲ್ಲ. ದೇಸಗತಿಯ ರೂಢಿ ಪ್ರಕಾರ ತನ್ನಂತೆಯೇ ಇನ್ನೊಬ್ಬ ಹುಡುಗನನ್ನು ದತ್ತು ತಗೊಂಡು ವಾಡೆಗೆ ಕೂರಿಸಬಹುದಿತ್ತು. ಹಾಗೆ ಮಾಡದೆ ಮೃತ್ಯುಪತ್ರ ಬರೆದು ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟ. 1906ರಲ್ಲಿ ತೀರಿಕೊಂಡಾಗ ವಯಸ್ಸು 45. ಅದರಿಂದ ಹುಟ್ಟಿದ್ದು ಸಿರಸಂಗಿ-ನವಲಗುಂದ ಟ್ರಸ್ಟ್.

ಇಲ್ಲಿ ಎರಡು ಮಾತು ಮುಚ್ಚಿಡಬಾರದು. ಆ ದುಡ್ಡು ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲು. ಅದೇ ಹೊಲದಲ್ಲಿ ದುಡಿದ ದಲಿತ ಮನೆಯ ಹುಡುಗನಿಗೆ ಅಲ್ಲ. ಇನ್ನೊಂದು, ದೇಸಗತಿಯ ಆದಾಯ ಎಂದರೆ ರೈತರ ಬೆವರೇ. ದಾನಿ ಅಂತ ಹೊಗಳುವಾಗ ಇದನ್ನು ಮರೆತರೆ ಅರ್ಧ ಚರಿತ್ರೆ ಹೇಳಿದಂತೆ. ಹಾಗಂತ ಅವನು ಮಾಡಿದ್ದು ಸಣ್ಣದೂ ಅಲ್ಲ. ಆ ಕಾಲದ ಎಷ್ಟೋ ಜಮೀನ್ದಾರರು ಗುಡಿ ಕಟ್ಟಿಸಿದರು, ಇಲ್ಲವೇ ವ್ಯಾಜ್ಯಕ್ಕೇ ಆಸ್ತಿ ಸುರಿದರು.

ಅವನು ಸತ್ತ ಹತ್ತು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಶುರುವಾಯಿತು. ಕಟ್ಟಿದವರಲ್ಲಿ ಮುಖ್ಯರು ಓದು ಮುಗಿಸಿ ಬಂದ ಮಾಸ್ತರರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜನ ಹೆಸರು ಬಂತು.

ಈಗ ವಾಡೆಯ ಬದಲು ಪೋರ್ಟಲ್ ಇದೆ. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ, ಜಾತಿ-ಆದಾಯ ಪ್ರಮಾಣಪತ್ರ ಜೋಡಿಸಿ, ಆಧಾರ್‌ಗೆ ಖಾತೆ ಸೇರಿಸಿ ಕಾಯಬೇಕು. ಎಷ್ಟೋ ಕಡೆ ಫೀ ಮೊದಲು ಕಟ್ಟಬೇಕು, ಸ್ಕಾಲರ್‌ಶಿಪ್ ಆಮೇಲೆ ಬರ್ತದೆ. ನಡುವಿನ ಆ ತಿಂಗಳುಗಳಿಗೆ ಅಪ್ಪ ಸೊಸೈಟಿಯಲ್ಲೋ ಅಂಗಡಿಯಲ್ಲೋ ಸಾಲ ಎತ್ತುತ್ತಾನೆ.