ಅಂತಿಮ ತೀರ್ಪಿಗೊಂದು ತೀರ್ಪು

ಜಗದ್ಗುರು ಪೋಪರನ್ನು ಆರಿಸಲು ಕಾರ್ಡಿನಲ್‌ಗಳು ಸಭೆ ಸೇರುವುದು ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ ಎಂಬುದು ನಮಗೆಲ್ಲ ತಿಳಿದ ಸಂಗತಿ. 2025ರ ಮೇ ತಿಂಗಳಿನಲ್ಲಿಯೂ ಅವರು ಅಲ್ಲಿಯೇ ಸೇರಿದ್ದರು. ಮತಚೀಟಿಯನ್ನು ಹಿಡಿದು ಬಲಿಪೀಠದತ್ತ ನಡೆಯುವ ಪ್ರತಿಯೊಬ್ಬ ಕಾರ್ಡಿನಲ್ಲರ ಕಣ್ಣೆದುರಿಗೆ ಇಡೀ ಗೋಡೆಯನ್ನು ಆವರಿಸಿದ ಮಹಾಚಿತ್ರವೊಂದು ನಿಂತಿರುತ್ತದೆ. ಜೀವಿತರಿಗೂ ಮೃತರಿಗೂ ನ್ಯಾಯತೀರಿಸಲು ಪ್ರಭು ಯೇಸು ಕ್ರಿಸ್ತರು ಮರಳಿ ಬರುವ ದೃಶ್ಯವದು. ಮೈಕೆಲೇಂಜೆಲೊ ಬುವೊನಾರೊಟಿ ಬರೆದ ಆ ಅಂತಿಮ ತೀರ್ಪಿನ ಚಿತ್ರವೇ ಒಂದು ಕಾಲದಲ್ಲಿ ಮನುಷ್ಯರ ತೀರ್ಪಿಗೆ ಗುರಿಯಾಯಿತು. ಅದನ್ನು ಬರೆದವನ ಬಾಳನ್ನೂ, ಆ ತೀರ್ಪಿನ ಕಥೆಯನ್ನೂ ಈ ವಾರ ಸ್ಮರಿಸಿಕೊಳ್ಳೋಣ.

ಇಟಲಿಯ ಟಸ್ಕನಿ ಪ್ರಾಂತ್ಯದ ಕಪ್ರೇಸೆ ಎಂಬ ಪುಟ್ಟ ಊರಿನಲ್ಲಿ 1475ರ ಮಾರ್ಚ್ 6ರಂದು ಮೈಕೆಲೇಂಜೆಲೊ ಜನಿಸಿದನು. ತಂದೆ ಲೊಡೊವಿಕೊ ಆ ಊರಿನ ಅಧಿಕಾರಿಯಾಗಿದ್ದನು. ಎಳವೆಯಲ್ಲಿ ಅವನಿಗೆ ಹಾಲೂಡಿಸಿ ಸಾಕಿದವಳು ಸೆಟ್ಟಿನ್ಯಾನೊ ಗ್ರಾಮದ ಕಲ್ಲುಕುಟಿಗರ ಮನೆಯ ಹೆಣ್ಣುಮಗಳು. ಉಳಿ ಸುತ್ತಿಗೆಗಳ ನಾದವನ್ನು ಕೇಳುತ್ತಲೇ ಬೆಳೆದ ಆತನಿಗೆ ಆರರ ಪ್ರಾಯದಲ್ಲಿ ಹೆತ್ತ ತಾಯಿಯ ವಿಯೋಗವಾಯಿತು. ಕಲೆಯನ್ನು ಹೀನ ಕಸುಬೆಂದು ಎಣಿಸಿದ್ದ ತಂದೆಯ ವಿರೋಧವನ್ನು ಲೆಕ್ಕಿಸದೆ 1488ರಲ್ಲಿ ಫ್ಲಾರೆನ್ಸಿನ ಗಿರ್ಲಾಂಡಾಯೊ ಎಂಬ ಚಿತ್ರಕಾರನ ಬಳಿ ಶಿಷ್ಯವೃತ್ತಿಗೆ ಸೇರಿದನು. ಅನತಿಕಾಲದಲ್ಲಿಯೇ ಆ ನಗರದ ಒಡೆಯನಂತಿದ್ದ ಲೊರೆನ್ಜೊ ಮೆಡಿಚಿಯ ಆಶ್ರಯ ದೊರೆಯಿತು.

ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಆತ ಪುತ್ರನ ಪಾರ್ಥಿವ ದೇಹವನ್ನು ಮಡಿಲಲ್ಲಿ ಹೊತ್ತ ಮಾತೆ ಮರಿಯಮ್ಮನವರ ಪಿಯೆತಾ ಶಿಲ್ಪವನ್ನು ಕೆತ್ತಿದನು. ಸಂತ ಪೇತ್ರರ ಮಹಾದೇವಾಲಯದಲ್ಲಿ ಇಂದಿಗೂ ಲಕ್ಷಾಂತರ ಯಾತ್ರಿಕರು ಅದರ ಮುಂದೆ ಮೌನವಾಗಿ ನಿಲ್ಲುತ್ತಾರೆ. 1504ರಲ್ಲಿ ಫ್ಲಾರೆನ್ಸಿನಲ್ಲಿ ದಾವೀದನ ವಿಗ್ರಹ ನಿಂತಿತು. 1508ರಿಂದ 1512ರವರೆಗೆ, ಎರಡನೆಯ ಜೂಲಿಯಸ್ ಪೋಪರ ಅಪ್ಪಣೆಯ ಮೇರೆಗೆ, ಸಿಸ್ಟೈನ್ ಮಂದಿರದ ಚಾವಣಿಯಲ್ಲಿ ಸೃಷ್ಟಿಯ ಕಥೆ ಮೂಡಿಬಂದಿತು. ಅಲ್ಲಿ ಆದಾಮನು ದೇವರು ರೂಪಿಸಿದಂತೆಯೇ ನಗ್ನನಾಗಿದ್ದಾನೆ. ಮಾನವ ದೇಹವು ದೇವರ ಕೈಕೆಲಸ, ದೇವರ ಪ್ರತಿರೂಪ ಎಂಬ ಬೈಬಲಿನ ಬೋಧನೆಯನ್ನು ಆತ ಬಣ್ಣದಲ್ಲಿ ಹೇಳಿದನು. ಅಂದು ಅದನ್ನು ಆಕ್ಷೇಪಿಸಿದ ದನಿಗಳು ಬಲವಾಗಿರಲಿಲ್ಲ.

ಆದರೆ ಕಾಲ ಬದಲಾಯಿತು. 1517ರಲ್ಲಿ ಜರ್ಮನಿಯಲ್ಲಿ ಲೂಥರನ ಪ್ರತಿಭಟನೆ ಆರಂಭವಾಗಿ ಪಶ್ಚಿಮದ ಧರ್ಮಸಭೆ ಒಡೆಯಿತು. 1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮನ್ನು ಸೂರೆಗೈದರು. ಎಲ್ಲೆಡೆ ಭೀತಿ, ಪಶ್ಚಾತ್ತಾಪ ಹಾಗೂ ಸಂಶಯಗಳು ಆವರಿಸಿದ್ದ ಆ ದಿನಗಳಲ್ಲಿಯೇ ಬಲಿಪೀಠದ ಹಿಂದಿನ ಗೋಡೆಯನ್ನು ಚಿತ್ರಿಸುವಂತೆ ಏಳನೆಯ ಕ್ಲೆಮೆಂಟ್ ಪೋಪರು ಮೈಕೆಲೇಂಜೆಲೊನನ್ನು ಕೇಳಿಕೊಂಡರು. 1534ರಲ್ಲಿ ಅವರು ತೀರಿಕೊಂಡ ಬಳಿಕ ಮೂರನೆಯ ಪೌಲರು ಆ ಯೋಜನೆಯನ್ನು ಮುಂದುವರಿಸಿದರು. 1536ರಲ್ಲಿ ಕುಂಚ ಹಿಡಿದಾಗ ಕಲಾವಿದನಿಗೆ ಅರುವತ್ತೊಂದು ವರ್ಷ. 1541ರ ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಮುನ್ನಾದಿನ, ಚಿತ್ರ ಅನಾವರಣಗೊಂಡಿತು.

ಹದಿಮೂರು ಮೀಟರಿಗೂ ಹೆಚ್ಚು ಎತ್ತರದ ಆ ಗೋಡೆಯಲ್ಲಿ ಸುಮಾರು 400 ಆಕೃತಿಗಳು. ನಡುವೆ ಕೈಯೆತ್ತಿದ ಕ್ರಿಸ್ತರು. ಪಕ್ಕದಲ್ಲಿ ಮುಖ ತಿರುಗಿಸಿ ಕುಳಿತ ಮರಿಯಮ್ಮನವರು. ತಾವು ಹಿಂಸೆ ಅನುಭವಿಸಿದ ಸಾಧನಗಳನ್ನು ಹಿಡಿದ ಸಂತರು. ಚರ್ಮ ಸುಲಿಸಿಕೊಂಡು ಮಡಿದ ಸಂತ ಬಾರ್ತೊಲೊಮಾಯರ ಕೈಯಲ್ಲಿ ಜೋತುಬಿದ್ದ ಚರ್ಮದ ಮೇಲಿರುವ ಮುಖ ಕಲಾವಿದನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸತ್ತವರು ಸಮಾಧಿಗಳಿಂದ ಮೇಲೇಳುವಾಗ ಪಟ್ಟ, ಪದವಿ, ಪೀತಾಂಬರಗಳು ಜೊತೆಗೆ ಬರುವುದಿಲ್ಲವಷ್ಟೆ! ಅಲ್ಲಿರುವ ಬಹುತೇಕರು ಬರಿಮೈಯಲ್ಲಿದ್ದರು. ದೇವರ ಮುಂದೆ ಮನುಷ್ಯನು ಮರೆಮಾಚಲು ಏನೂ ಇಲ್ಲದೆ ನಿಲ್ಲುತ್ತಾನೆ ಎಂಬುದೇ ಆ ಚಿತ್ರದ ತಿರುಳೆಂದು ನಾವು ತಿಳಿಯುತ್ತೇವೆ.

ಎಲ್ಲರೂ ಅದನ್ನು ಹಾಗೆ ಓದಲಿಲ್ಲ. ಕೆಲಸ ಮುಗಿಯುವ ಮೊದಲೇ ಪೋಪರ ಆಸ್ಥಾನದ ವಿಧಿಗಳ ಅಧಿಕಾರಿ ಬಿಯಾಜೊ ದ ಚೆಸೇನ ಎಂಬಾತ, ಇಂತಹ ಚಿತ್ರ ಸ್ನಾನಗೃಹಕ್ಕೋ ಪಾನಗೃಹಕ್ಕೋ ತಕ್ಕುದೆಂದು ಟೀಕಿಸಿದನಂತೆ. ಕಲಾವಿದ ಅವನ ಮುಖವನ್ನೇ ನರಕದ ನ್ಯಾಯಾಧೀಶ ಮಿನೋಸನಿಗೆ ತೊಡಿಸಿ, ಕತ್ತೆಯ ಕಿವಿಗಳನ್ನೂ ಇಟ್ಟನು. ಬಿಯಾಜೊ ದೂರು ಒಯ್ದಾಗ, ಶುದ್ಧೀಕರಣ ಸ್ಥಳವಾಗಿದ್ದರೆ ಬಿಡಿಸಬಹುದಿತ್ತು, ನರಕದಿಂದ ಬಿಡಿಸುವ ಅಧಿಕಾರ ತಮಗಿಲ್ಲವೆಂದು ಪೋಪರು ನಗೆಯಾಡಿದರೆಂಬ ಕಥೆ ಪ್ರಸಿದ್ಧ.

ನಗೆಯ ಕಾಲ ಬಹಳ ದಿನ ಉಳಿಯಲಿಲ್ಲ. 1545ರಲ್ಲಿ ಪಿಯೆತ್ರೊ ಅರೆತೀನೊ ಎಂಬ ಲೇಖಕ ಕಲಾವಿದನಿಗೆ ಪತ್ರ ಬರೆದು, ಈ ಚಿತ್ರ ಭಕ್ತಿಗೆ ಅಪಚಾರವೆಂದು ದೂಷಿಸಿದನು. ಸ್ವತಃ ಅಶ್ಲೀಲ ಕವಿತೆಗಳನ್ನು ಬರೆದು ಕುಖ್ಯಾತನಾದವನು, ಮೈಕೆಲೇಂಜೆಲೊನಿಂದ ರೇಖಾಚಿತ್ರಗಳನ್ನು ಬೇಡಿ ನಿರಾಶನಾಗಿದ್ದವನು ಈತ ಎಂಬುದನ್ನು ನಾವು ಮರೆಯಬಾರದು. ನೀತಿಯ ಹೆಸರಿನಲ್ಲಿ ಏಳುವ ಕೂಗುಗಳೆಲ್ಲವೂ ನೀತಿಯಿಂದಲೇ ಹುಟ್ಟುವುದಿಲ್ಲ. ವೈಯಕ್ತಿಕ ಮುನಿಸೂ ಕೆಲವೊಮ್ಮೆ ಧರ್ಮದ ನಿಲುವಂಗಿಯನ್ನು ತೊಟ್ಟು ಬರುತ್ತದೆ.

ಆದರೆ ಆಕ್ಷೇಪಿಸಿದವರೆಲ್ಲರೂ ಅರೆತೀನೊನಂಥವರಲ್ಲ. ಅದು ಅರಮನೆಯ ಭೋಜನಶಾಲೆಯಲ್ಲ, ಬಲಿಪೂಜೆ ನಡೆಯುವ ಸ್ಥಳ. ಪವಿತ್ರ ಸ್ಥಳದಲ್ಲಿ ಏನಿರಬೇಕು, ಏನಿರಬಾರದು ಎಂದು ಯೋಚಿಸುವ ಹಕ್ಕು ಧರ್ಮಸಭೆಗೆ ಖಂಡಿತವಾಗಿಯೂ ಇತ್ತು. ಪ್ರತಿಮೆ ಮತ್ತು ಚಿತ್ರಗಳನ್ನೇ ವಿಗ್ರಹಾರಾಧನೆಯೆಂದು ಜರೆದು, ಹಲವು ನಗರಗಳಲ್ಲಿ ಒಡೆದುಹಾಕುತ್ತಿದ್ದ ಕಾಲವದು. ಚಿತ್ರಗಳನ್ನು ಉಳಿಸಿಕೊಳ್ಳಬೇಕಾದರೆ ಅವು ನಿಂದೆಗೆ ಎಡೆಕೊಡಬಾರದೆಂದು ಹಲವು ಪ್ರಾಮಾಣಿಕ ಗುರುಗಳು ಭಾವಿಸಿದ್ದರು.

1555ರಲ್ಲಿ ಪೀಠವನ್ನೇರಿದ ನಾಲ್ಕನೆಯ ಪೌಲರು ಅತ್ಯಂತ ಕಠಿಣ ಶಿಸ್ತಿನವರು. ನಿಷೇಧಿತ ಗ್ರಂಥಗಳ ರೋಮಿನ ಮೊದಲ ಪಟ್ಟಿ 1559ರಲ್ಲಿ ಪ್ರಕಟವಾದದ್ದು ಅವರ ಆಳ್ವಿಕೆಯಲ್ಲಿಯೇ. ಚಿತ್ರವನ್ನು ಸರಿಪಡಿಸಬೇಕೆಂಬ ಅವರ ಇಚ್ಛೆ ಕಿವಿಗೆ ಬಿದ್ದಾಗ ಮೈಕೆಲೇಂಜೆಲೊ, ಪೋಪರು ಮೊದಲು ಲೋಕವನ್ನು ಸರಿಪಡಿಸಲಿ, ಚಿತ್ರವನ್ನು ಸರಿಪಡಿಸುವುದು ಸಣ್ಣ ಕೆಲಸ ಎಂಬರ್ಥದ ಉತ್ತರ ಕಳುಹಿಸಿದನೆಂದು ಅವನ ಶಿಷ್ಯನೂ ಚರಿತ್ರಕಾರನೂ ಆದ ವಸಾರಿ ದಾಖಲಿಸಿದ್ದಾನೆ. ವಿಶೇಷವೇನೆಂದರೆ ಇದೇ ವರ್ಷಗಳಲ್ಲಿ ಆ ವೃದ್ಧ ಸಂತ ಪೇತ್ರರ ಮಹಾದೇವಾಲಯದ ಮುಖ್ಯ ಶಿಲ್ಪಿಯಾಗಿ, ಸಂಬಳ ಮುಟ್ಟದೆ, ದೇವರ ಪ್ರೀತಿಗಾಗಿಯೇ ದುಡಿಯುತ್ತಿದ್ದನು. ಧರ್ಮದ್ರೋಹಿಯೆಂಬ ಶಂಕೆಗೆ ಸಿಲುಕಿದ ಚಿತ್ರದ ಕರ್ತೃವೇ ಧರ್ಮಸಭೆಯ ಬಹುದೊಡ್ಡ ಗುಮ್ಮಟವನ್ನು ರೂಪಿಸುತ್ತಿದ್ದನೆಂಬುದು ಇತಿಹಾಸದ ವಿಚಿತ್ರ.

1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಪವಿತ್ರ ಚಿತ್ರಗಳ ಕುರಿತು ನಿರ್ಣಯ ಕೈಗೊಂಡಿತು. ಸಂತರ ಚಿತ್ರಗಳನ್ನು ಗೌರವಿಸುವುದು ಸರಿಯೆಂದು ಅದು ಎತ್ತಿಹಿಡಿಯಿತು. ಜೊತೆಗೆ ಅವುಗಳಲ್ಲಿ ಕಾಮಪ್ರಚೋದನೆ ಇರಕೂಡದು, ರೂಢಿಗೆ ಹೊರತಾದ ಚಿತ್ರವನ್ನು ಧರ್ಮಾಧ್ಯಕ್ಷರ ಒಪ್ಪಿಗೆಯಿಲ್ಲದೆ ಇಡಕೂಡದು ಎಂದಿತು. ಮರುತಿಂಗಳು, ಅಂದರೆ 1564ರ ಜನವರಿಯಲ್ಲಿ, ಸಿಸ್ಟೈನ್ ಮಂದಿರದ ನಗ್ನ ಆಕೃತಿಗಳನ್ನು ಹೊದಿಸಬೇಕೆಂದು ರೋಮಿನಲ್ಲಿ ತೀರ್ಮಾನವಾಯಿತು. ಫೆಬ್ರವರಿ 18ರಂದು, ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಮೈಕೆಲೇಂಜೆಲೊ ಕಣ್ಣು ಮುಚ್ಚಿದನು. ಬದುಕಿದ್ದಾಗ ಅವನ ಚಿತ್ರವನ್ನು ಯಾರೂ ಮುಟ್ಟಿರಲಿಲ್ಲ.

ಮುಟ್ಟುವ ಹೊಣೆ ಬಿದ್ದದ್ದು ಅವನ ಆಪ್ತ ಮಿತ್ರನೂ ಶಿಷ್ಯನೂ ಆಗಿದ್ದ ದಾನಿಯೇಲೆ ದ ವೊಲ್ತೆರ್ರನ ಮೇಲೆ. ಮಿತ್ರನ ಮರಣಶಯ್ಯೆಯ ಬಳಿಯಿದ್ದವರಲ್ಲಿ ಈತನೂ ಒಬ್ಬ. ಅವನ ಮುಖವನ್ನು ಕಂಚಿನಲ್ಲಿ ನಮಗಾಗಿ ಉಳಿಸಿದವನೂ ಈತನೇ. 1565ರಲ್ಲಿ ದಾನಿಯೇಲೆ ಅಟ್ಟಣಿಗೆ ಏರಿ ಗುರುವಿನ ಚಿತ್ರಕ್ಕೆ ಬಟ್ಟೆ ತೊಡಿಸಿದನು. ಬಹುಪಾಲು ಕಡೆ ಒಣಗಿದ ಬಣ್ಣದ ಮೇಲೆ ತೆಳುವಾದ ಲೇಪನವನ್ನಷ್ಟೇ ಮಾಡಿದನು. ಆದರೆ ಸಂತ ಕ್ಯಾಥರೀನ್ ಮತ್ತು ಸಂತ ಬ್ಲೇಸರ ಆಕೃತಿಗಳ ವಿಷಯದಲ್ಲಿ ಹಾಗಾಗಲಿಲ್ಲ. ಅವರಿಬ್ಬರ ನಿಲುವು ವಿಶೇಷವಾಗಿ ಆಕ್ಷೇಪಕ್ಕೆ ಒಳಗಾಗಿತ್ತು.

ಇಲ್ಲಿ ಆ ಚಿತ್ರವಿಧಾನದ ಬಗ್ಗೆ ಒಂದು ಮಾತು ಅಗತ್ಯ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ಬಣ್ಣ ಹಚ್ಚಿದರೆ, ಗಾರೆ ಒಣಗುತ್ತಿದ್ದಂತೆ ಬಣ್ಣವು ಗೋಡೆಯ ಅಂಗವೇ ಆಗಿಬಿಡುತ್ತದೆ. ಆ ಮೇಲೆ ಹಚ್ಚಿದ ಒಣ ಬಣ್ಣವನ್ನು ಎಂದಾದರೂ ತೊಳೆದು ತೆಗೆಯಬಹುದು. ಆದರೆ ಹಸಿ ಗಾರೆಯ ಮೂಲ ಚಿತ್ರವನ್ನು ಬದಲಿಸಬೇಕಾದರೆ ಉಳಿಯಿಂದ ಕೆತ್ತಿ ಕೆಡವುವುದೊಂದೇ ದಾರಿ. ಕ್ಯಾಥರೀನ್ ಮತ್ತು ಬ್ಲೇಸರಿಗೆ ಆದದ್ದು ಇದೇ. ಗಾರೆಯನ್ನು ಕೆತ್ತಿ, ಹೊಸ ಗಾರೆ ಬಳಿದು, ಕ್ಯಾಥರೀನರಿಗೆ ಉಡುಪು ತೊಡಿಸಲಾಯಿತು. ಬ್ಲೇಸರ ಮುಖವನ್ನು ಕ್ರಿಸ್ತರತ್ತ ತಿರುಗಿಸಲಾಯಿತು. ಮೈಕೆಲೇಂಜೆಲೊನ ಕೈಬರಹ ಅಲ್ಲಿ ಶಾಶ್ವತವಾಗಿ ಅಳಿಯಿತು.

1565ರ ಡಿಸೆಂಬರಿನಲ್ಲಿ ನಾಲ್ಕನೆಯ ಪಿಯುಸ್ ಪೋಪರು ನಿಧನರಾದ್ದರಿಂದ, ಹೊಸ ಪೋಪರ ಆಯ್ಕೆಗಾಗಿ ಅಟ್ಟಣಿಗೆಯನ್ನು ಬಿಚ್ಚಬೇಕಾಗಿ ಬಂದು ಕೆಲಸ ನಿಂತಿತು. ಮರುವರ್ಷವೇ ದಾನಿಯೇಲೆ ತೀರಿಕೊಂಡನು. ಅವನೂ ಉತ್ತಮ ಕಲಾವಿದ. ರೋಮಿನ ತ್ರಿನಿತಾ ದೇ ಮೊಂತಿ ದೇವಾಲಯದಲ್ಲಿ ಶಿಲುಬೆಯಿಂದ ಪ್ರಭುವನ್ನು ಇಳಿಸುವ ಅವನ ಚಿತ್ರ ಆ ಶತಮಾನದ ಮಾನ್ಯ ಕೃತಿಗಳಲ್ಲಿ ಒಂದು. ಆದರೆ ಜನ ಅವನನ್ನು ನೆನೆಯುವುದು ಚಡ್ಡಿ ತೊಡಿಸಿದವನೆಂಬ ಅಡ್ಡಹೆಸರಿನಿಂದ. ಆಜ್ಞೆ ಹೊರಡಿಸಿದವರ ಹೆಸರು ಮರೆತುಹೋಯಿತು. ಪಾಲಿಸಿದವನ ಹೆಸರು ನಗೆಪಾಟಲಾಯಿತು. ಮುಂದಿನ ಕಾಲದಲ್ಲಿಯೂ ಬೇರೆ ಕೈಗಳು ಇನ್ನಷ್ಟು ಬಟ್ಟೆಗಳನ್ನು ಸೇರಿಸುತ್ತಲೇ ಹೋದವು. ಒಮ್ಮೆ ಹೊದಿಸಲು ತೊಡಗಿದರೆ, ಎಲ್ಲಿ ನಿಲ್ಲಿಸಬೇಕೆಂದು ಹೇಳುವವರು ಸಿಗುವುದು ಕಷ್ಟ.

ಕತ್ತರಿ ಚಿತ್ರಕ್ಕೆ ಮಾತ್ರ ಸೀಮಿತವಾಗಲಿಲ್ಲ. ಮೈಕೆಲೇಂಜೆಲೊ ಸುಮಾರು 300 ಕವಿತೆಗಳನ್ನೂ ಬರೆದಿದ್ದನು. ಕೆಲವು ವಿತ್ತೋರಿಯಾ ಕೊಲೊನ್ನ ಎಂಬ ಭಕ್ತೆಯೂ ಕವಯಿತ್ರಿಯೂ ಆದ ಮಹಿಳೆಗೆ, ಇನ್ನು ಕೆಲವು ತೊಮ್ಮಾಸೊ ಕವಾಲಿಯೇರಿ ಎಂಬ ತರುಣ ಮಿತ್ರನಿಗೆ ಸಂಬೋಧಿಸಿದವು. 1623ರಲ್ಲಿ ಅವನ ತಮ್ಮನ ಮೊಮ್ಮಗ ಇವುಗಳನ್ನು ಅಚ್ಚುಹಾಕಿಸುವಾಗ, ಮನೆತನದ ಮರ್ಯಾದೆಗೆ ಅಂಜಿ, ಪುಲ್ಲಿಂಗದ ಪದಗಳನ್ನು ಸ್ತ್ರೀಲಿಂಗಕ್ಕೆ ತಿರುಗಿಸಿದನು; ಅನುಮಾನ ಹುಟ್ಟಿಸುವ ಸಾಲುಗಳನ್ನು ತಿದ್ದಿದನು. ಇಲ್ಲಿ ಯಾವ ಪೋಪರ ಆಜ್ಞೆಯೂ ಇರಲಿಲ್ಲ, ಯಾವ ನ್ಯಾಯಮಂಡಳಿಯೂ ಇರಲಿಲ್ಲ. ಸ್ವಂತ ಕುಟುಂಬವೇ ಕತ್ತರಿ ಹಿಡಿದಿತ್ತು. 240 ವರ್ಷಗಳ ಕಾಲ ಲೋಕ ಓದಿದ್ದು ಕವಿ ಬರೆಯದ ಕವಿತೆಯನ್ನು. ಮೂಲ ಹಸ್ತಪ್ರತಿಗಳು ಉಳಿದಿದ್ದುದರಿಂದ 1863ರಲ್ಲಿ ಚೆಜಾರೆ ಗ್ವಾಸ್ತಿ ಎಂಬ ವಿದ್ವಾಂಸ ನಿಜವಾದ ಪಾಠವನ್ನು ಪ್ರಕಟಿಸಲು ಸಾಧ್ಯವಾಯಿತು.

ಚಿತ್ರಕ್ಕೂ ಅಂತಹ ದಿನವೊಂದು ಬಂದಿತು. ಶತಮಾನಗಳ ಮೇಣಬತ್ತಿಯ ಹೊಗೆಯನ್ನು ತೊಳೆಯುವ ದೀರ್ಘ ಕಾರ್ಯ ಮುಗಿದು, 1994ರ ಏಪ್ರಿಲ್ 8ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅದೇ ಮಂದಿರದಲ್ಲಿ ಬಲಿಪೂಜೆ ಅರ್ಪಿಸಿದರು. ಮಾನವ ದೇಹದ ಘನತೆಯನ್ನು ಸಾರುವ ಪುಣ್ಯಸ್ಥಾನವಿದು ಎಂಬರ್ಥದಲ್ಲಿ ಅವರು ಪ್ರಬೋಧನೆ ನೀಡಿದರು. ನಂತರದ ಶತಮಾನಗಳಲ್ಲಿ ಸೇರಿದ ಹಲವು ಬಟ್ಟೆಗಳನ್ನು ತಜ್ಞರು ತೆಗೆದುಹಾಕಿದರು. ದಾನಿಯೇಲೆ ತೊಡಿಸಿದವನ್ನು ಮಾತ್ರ ಉಳಿಸಿಕೊಂಡರು. ಟ್ರೆಂಟ್ ಮಹಾಸಭೆಯ ಕಾಲದ ಸಾಕ್ಷ್ಯವಾಗಿ ಅವೂ ಇತಿಹಾಸವೇ ಎಂದು ಬಗೆದರು. ತಿದ್ದುವ ಮೊದಲು ಚಿತ್ರ ಹೇಗಿತ್ತೆಂಬುದನ್ನು 1549ರಲ್ಲಿ ಮಾರ್ಚೆಲ್ಲೊ ವೆನುಸ್ತಿ ಬರೆದ ಪ್ರತಿಕೃತಿಯೊಂದು ತೋರಿಸುತ್ತದೆ. ಕಾರ್ಡಿನಲ್ ಫಾರ್ನೇಸೆ ಬರೆಯಿಸಿದ ಆ ಪ್ರತಿ ಈಗ ನೇಪಲ್ಸಿನಲ್ಲಿದೆ. ಹೊದಿಸಲು ಆಜ್ಞಾಪಿಸಿದವರೂ ನೆನಪನ್ನು ಕಾಪಾಡಿದವರೂ ಒಂದೇ ಧರ್ಮಸಭೆಯ ಮಕ್ಕಳು.

ಹಾಗಾದರೆ ಯಾವ ಚಿತ್ರವನ್ನೂ ಯಾವ ಬರಹವನ್ನೂ ಪ್ರಶ್ನಿಸಲೇ ಬಾರದೇ? ಹಾಗೆಂದು ನಾವು ಹೇಳಲಾರೆವು. ಎಳೆಯ ಮಕ್ಕಳ ಕಣ್ಣಿಗೆ ಏನು ಬೀಳಬೇಕೆಂದು ಯೋಚಿಸುವುದು ಹೆತ್ತವರ ಧರ್ಮ. ದೇವಾಲಯದ ಗೋಡೆಯ ಕುರಿತು ಯೋಚಿಸುವುದು ಗುರುಗಳ ಧರ್ಮ. ಟೀಕಿಸುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಒಂದು ಭಾಗವೇ. ಆದರೆ ಟೀಕೆ ಬೇರೆ, ಉಳಿ ಬೇರೆ. ಒಂದು ಪೀಳಿಗೆ ನಾಚಿಕೆಯೆಂದು ಬಗೆದದ್ದನ್ನು ಮತ್ತೊಂದು ಪೀಳಿಗೆ ಪ್ರಾರ್ಥನೆಯೆಂದು ಕಾಣಬಹುದು. ನಾಲ್ಕನೆಯ ಪೌಲರಿಗೆ ಕಳಂಕವಾಗಿ ಕಂಡ ದೇಹಗಳಲ್ಲಿ ಎರಡನೆಯ ಜಾನ್ ಪೌಲರು ದೇವರ ಪ್ರತಿರೂಪವನ್ನು ಕಂಡರು.

ಇಂದು ಪುಸ್ತಕ, ನಾಟಕ, ಚಲನಚಿತ್ರಗಳ ವಿಷಯದಲ್ಲಿ ನಮ್ಮ ಮನಸ್ಸಿಗೆ ನೋವಾದಾಗ ನಿಷೇಧಿಸಿರೆಂಬ ಕೂಗು ಬಹುಬೇಗ ಏಳುತ್ತದೆ. ಅಂತಹ ವೇಳೆಯಲ್ಲಿ ಸಿಸ್ಟೈನ್ ಗೋಡೆಯ ಆ ಎರಡು ಸಂತರನ್ನು ನೆನೆಯುವುದು ಒಳ್ಳೆಯದು. ಮೇಲೆ ಬಳಿದ ಬಣ್ಣವನ್ನು ತೊಳೆಯಲು ಮುಂದೆ ಬರುವವರಿಗೆ ಸಾಧ್ಯವಾಯಿತು. ಕೆತ್ತಿ ಕೆಡವಿದ ಗಾರೆಯನ್ನು ಮರಳಿಸಲು ಯಾರಿಂದಲೂ ಆಗಲಿಲ್ಲ. ಸಂತ ಕ್ಯಾಥರೀನರ ಮೂಲ ರೂಪ ಇಂದು ಪ್ರತಿಕೃತಿಗಳಲ್ಲಿ ಮಾತ್ರ ಉಳಿದಿದೆ.