ಪುರಸೇವಾಧುರಂಧರ ಶ್ರೀ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿ ಜೀವರಾಶಿಗೆ ನೀರೆರೆದುದು ಶರಣಧರ್ಮಾನುಯಾಯಿಗಳೆಲ್ಲರಿಗೂ ವಿದಿತವಾದ ಸಂಗತಿಯಷ್ಟೆ. ಕೆರೆ, ಬಾವಿ, ಹಾದಿ, ಛತ್ರಗಳನ್ನು ಮಾಡಿಸುವುದು ಪೂರ್ವಕಾಲದಲ್ಲಿ ಅರಸರ, ಶ್ರೀಮಂತರ, ಶರಣರ ಪುಣ್ಯಕಾರ್ಯವಾಗಿದ್ದಿತು. ಕಾಲವು ಉರುಳಿದಂತೆ ಆ ಭಾರವು ಪುರಸಭೆಗಳ ಹೆಗಲಿಗೆ ಬಂದಿತು. ಒಬ್ಬನ ದಾನದಿಂದ ಆಗುತ್ತಿದ್ದ ಕಾರ್ಯವು ಎಲ್ಲರ ತೆರಿಗೆಯಿಂದ ಆಗತಕ್ಕ ಕಾರ್ಯವಾಯಿತು. ದಾನಿಗೆ ಭಕ್ತಿಯೊಂದು ಇದ್ದರೆ ಸಾಕು. ಪುರಸಭೆಗಾದರೋ ಭಕ್ತಿಯ ಜೊತೆಗೆ ಲೆಕ್ಕವೂ ಬೇಕು. ಎಷ್ಟು ಹಣವಿದೆ, ಎಷ್ಟು ನೀರು ಬೇಕು, ಯಾರ ಮನೆಗೆ ಮೊದಲು, ಯಾರ ಮನೆಗೆ ಕಡೆಗೆ ಎಂಬ ಪ್ರಶ್ನೆಗಳು ಅಲ್ಲಿ ಏಳುತ್ತವೆ. ಈ ಪ್ರಶ್ನೆಗಳಿಗೆ ಆಯುಷ್ಯವೆಲ್ಲ ಉತ್ತರ ಹುಡುಕಿದ ಮಹನೀಯರಲ್ಲಿ ಶ್ರೀ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಕನ್ನಂಬಾಡಿಯ ಕಟ್ಟೆಯ ಮೂಲಕ ಅವರ ಹೆಸರು ಮನೆಮನೆಯ ಮಾತಾಗಿದೆ. ಆದರೆ ಸಣ್ಣ ಊರುಗಳ ಬಡ ಪುರಸಭೆಗಳಿಗೆ ಅವರು ಸಲ್ಲಿಸಿದ ಸೇವೆಯು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದನ್ನು ಅರಿತುಕೊಳ್ಳುವುದು ಭಕ್ತಜನರಿಗೆ ಹಿತಕರವಾದುದು.

ವಿಶ್ವೇಶ್ವರಯ್ಯನವರು ಜನಿಸಿದುದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆಯಿದ್ದಿತು, ಧನವಿರಲಿಲ್ಲ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳನ್ನು ಮುಗಿಸಿ ಬೆಂಗಳೂರಿಗೆ ಬಂದ ಬಾಲಕನು, ಅನ್ಯರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ತಾನೇ ಸಂಪಾದಿಸಿಕೊಂಡನು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯು ದೊರೆಯಿತು. ಅನಂತರ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನವನ್ನು ಪಡೆದು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು. ಪ್ರಜೆಗಳ ಹಣದಿಂದ ಓದಿದವನು ಪ್ರಜೆಗಳಿಗೆ ಋಣಿಯೆಂಬ ಭಾವನೆಯು ಅವರ ಮುಂದಿನ ನಡೆಯಲ್ಲೆಲ್ಲ ಕಂಡುಬರುತ್ತದೆ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ಸೇವೆಯು ಪ್ರಾರಂಭವಾಯಿತು. ಖಾನದೇಶದ ಧುಳೆ ಪ್ರಾಂತದಲ್ಲಿ ಹಳ್ಳವೊಂದರ ಅಡಿಯಿಂದ ಕೊಳವೆಯ ಮೂಲಕ ಕಾಲುವೆಯ ನೀರನ್ನು ಆಚೆ ದಡಕ್ಕೆ ದಾಟಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಹೀಗೆ ಆರಂಭದಿಂದಲೇ ನೀರಿನೊಡನೆ ಅವರ ಸಂಬಂಧವು ಬೆಳೆಯಿತು.

ಅಂದಿನ ಮುಂಬಯಿ ಪ್ರಾಂತದ ಸಣ್ಣ ಪುರಸಭೆಗಳ ಸ್ಥಿತಿಯನ್ನು ತಿಳಿದ ಹೊರತು ವಿಶ್ವೇಶ್ವರಯ್ಯನವರ ಕಾರ್ಯದ ಬೆಲೆಯು ತಿಳಿಯದು. 1882ರಲ್ಲಿ ಲಾರ್ಡ್ ರಿಪನ್ನರ ನಿರ್ಣಯದಿಂದ ಸ್ಥಳೀಯ ಸ್ವರಾಜ್ಯಕ್ಕೆ ಪ್ರೋತ್ಸಾಹ ದೊರೆತಿದ್ದಿತು. ಊರಿನವರೇ ಊರಿನ ಕಾರ್ಯವನ್ನು ನೋಡಿಕೊಳ್ಳಬೇಕೆಂಬ ತತ್ತ್ವವು ಅಂಗೀಕೃತವಾಗಿದ್ದಿತು. ಆದರೆ ತತ್ತ್ವದ ಜೊತೆಗೆ ಹಣವು ಬರಲಿಲ್ಲ. ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಮನೆಗಳ ಮೇಲಿನ ಪಟ್ಟಿ, ಇವೇ ಮುಖ್ಯವಾದ ಆದಾಯ. ಇದರಲ್ಲಿ ದೀಪ, ಕಸ, ಹಾದಿ, ಶಾಲೆ, ಔಷಧಾಲಯಗಳಿಗೆ ವೆಚ್ಚ ಮಾಡಿ ಉಳಿಯುವುದು ಅತ್ಯಲ್ಪ. ನೀರಿನ ಯೋಜನೆಯಾದರೋ ಒಂದೇ ಸಲಕ್ಕೆ ಹೇರಳವಾದ ಹಣವನ್ನು ಬೇಡುವಂಥದು. ಸರ್ಕಾರದ ಸಹಾಯಧನವು ಒಂದಿಷ್ಟು ಬಂದರೂ, ಸಾಲವನ್ನು ಎತ್ತಿದರೆ ವರ್ಷ ವರ್ಷವೂ ಅಸಲು ಬಡ್ಡಿಗಳನ್ನು ತೀರಿಸಬೇಕು. ಯಂತ್ರವನ್ನು ನಡೆಸುವ ಇಂಧನ, ನೌಕರರ ಸಂಬಳ, ಕೊಳವೆಗಳ ದುರಸ್ತಿ, ಇವು ಎಂದೂ ನಿಲ್ಲದ ವೆಚ್ಚಗಳು. ಕಟ್ಟುವಾಗಿನ ಉತ್ಸಾಹದಲ್ಲಿ ನಡೆಸುವ ವೆಚ್ಚವನ್ನು ಮರೆತ ಊರು ಸ್ವಲ್ಪ ಕಾಲದಲ್ಲಿಯೇ ಒಣಗಿದ ನಲ್ಲಿಯನ್ನೂ ತೀರದ ಸಾಲವನ್ನೂ ಒಟ್ಟಿಗೆ ಅನುಭವಿಸಬೇಕಾಗುತ್ತದೆ.

ಇಂತಹ ಇಕ್ಕಟ್ಟಿನಲ್ಲಿದ್ದ ಊರುಗಳಲ್ಲಿ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣವೂ ಒಂದು. ಅದು ಈಗ ಪಾಕಿಸ್ತಾನಕ್ಕೆ ಸೇರಿದೆ. ಆಗ ಸಿಂಧ್ ಮುಂಬಯಿ ಪ್ರಾಂತದ ಒಂದು ಭಾಗವಾಗಿದ್ದಿತು. ಊರಿನ ಪಕ್ಕದಲ್ಲಿಯೇ ಸಿಂಧೂ ಮಹಾನದಿಯು ಹರಿಯುತ್ತಿದ್ದರೂ ಆ ನೀರು ಮಣ್ಣಿನಿಂದ ಕದಡಿ ಕುಡಿಯಲು ಅಯೋಗ್ಯವಾಗಿರುತ್ತಿತ್ತು. ನದಿಯಿಂದ ನೀರನ್ನೆತ್ತಿ ದಡದ ಸಮೀಪದ ಗುಡ್ಡಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಊರಿಗೆ ಇಳಿಸಬಹುದಾಗಿದ್ದಿತು. ಆದರೆ ನೀರನ್ನು ಸೋಸುವ ಶೋಧಕ ಕುಂಡಗಳನ್ನು ಕಟ್ಟಿಸುವಷ್ಟು ಹಣವು ಪುರಸಭೆಯಲ್ಲಿ ಇರಲಿಲ್ಲ. ಈ ಕಾರ್ಯಕ್ಕೆ ನಿಯುಕ್ತರಾದ ವಿಶ್ವೇಶ್ವರಯ್ಯನವರು ಹಣವಿಲ್ಲವೆಂದು ಕೈಚೆಲ್ಲಲಿಲ್ಲ. ಕದಡಿದ ನೀರನ್ನೇ ಜನರಿಗೆ ಕೊಡೋಣವೆಂದು ಸಮಾಧಾನಪಟ್ಟುಕೊಳ್ಳಲೂ ಇಲ್ಲ. ನದಿಯ ಪಾತ್ರದಲ್ಲಿ ಪ್ರಕೃತಿಯೇ ಹಾಸಿದ ಮರಳು ಇರುವಾಗ ಬೇರೆ ಶೋಧಕವೇಕೆಂದು ಆಲೋಚಿಸಿದರು. ದಡದ ಸಮೀಪದಲ್ಲಿ ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿದರು. ನದಿಯ ನೀರು ಮರಳಿನ ಪದರಗಳಲ್ಲಿ ಜಿನುಗಿ, ತನ್ನ ಮಣ್ಣನ್ನು ಅಲ್ಲಿಯೇ ಉಳಿಸಿ, ತಿಳಿಯಾಗಿ ಬಾವಿಯಲ್ಲಿ ಸಂಗ್ರಹವಾಯಿತು. ಆ ತಿಳಿನೀರನ್ನು ಯಂತ್ರದಿಂದ ಗುಡ್ಡಕ್ಕೆ ಏರಿಸಲಾಯಿತು. 1895ರಲ್ಲಿ ಈ ಯೋಜನೆಯು ಪೂರ್ಣವಾಗಿ ಸಕ್ಕರಿನ ಜನರು ಶುದ್ಧಜಲವನ್ನು ಕಂಡರು.

ಈ ಪ್ರಸಂಗದಲ್ಲಿ ಅಡಗಿರುವ ಹುರುಳನ್ನು ಮನನ ಮಾಡಬೇಕು. ಬಡತನವು ಕಾರ್ಯವನ್ನು ಬಿಡುವುದಕ್ಕೆ ನೆಪವಾಗಬಾರದು. ಕೀಳಾದ ಕಾರ್ಯಕ್ಕೆ ಸಮರ್ಥನೆಯೂ ಆಗಬಾರದು. ಇದ್ದ ಹಣದ ಮಿತಿಯನ್ನು ಮೊದಲೇ ಅರಿತು, ಆ ಮಿತಿಯೊಳಗೆ ಶುದ್ಧವಾದುದನ್ನು ಸಾಧಿಸುವುದೇ ಜಾಣ್ಮೆ. ಪರರ ಹಣವನ್ನು ತನ್ನ ಹಣಕ್ಕಿಂತ ಹೆಚ್ಚು ಎಚ್ಚರದಿಂದ ವೆಚ್ಚ ಮಾಡುವವನೇ ಸತ್ಯಶುದ್ಧ ಕಾಯಕದವನು.

1899ರಲ್ಲಿ ಪುಣೆಯ ನೀರಾವರಿ ವಿಭಾಗಕ್ಕೆ ಬಂದ ಮೇಲೆ ವಿಶ್ವೇಶ್ವರಯ್ಯನವರ ದೃಷ್ಟಿಯು ಮತ್ತೊಂದು ಪ್ರಶ್ನೆಯ ಕಡೆಗೆ ತಿರುಗಿತು. ನೀರಾ ಕಾಲುವೆಯ ನೀರು ಹತ್ತಿರದ ಹೊಲಗಳಲ್ಲಿ ಮಿತಿಮೀರಿ ನಿಂತು ಜೌಗನ್ನೂ ಜ್ವರವನ್ನೂ ಹುಟ್ಟಿಸುತ್ತಿದ್ದರೆ, ದೂರದ ಹೊಲಗಳಿಗೆ ದೊರೆಯುತ್ತಲೇ ಇರಲಿಲ್ಲ. ಅವರು ಭೂಮಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದಂಶದಲ್ಲಿ ಕಬ್ಬು, ಮತ್ತೊಂದರಲ್ಲಿ ಬತ್ತ, ಇನ್ನೊಂದರಲ್ಲಿ ಅಲ್ಪ ನೀರಿನ ಬೆಳೆ ಎಂದು ಸರದಿಯನ್ನು ನಿಯಮಿಸಿ, ಇದ್ದ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಹೋಗುವಂತೆ ಮಾಡುವ ಕ್ರಮವನ್ನು ಸೂಚಿಸಿದರು. ಆರಂಭದಲ್ಲಿ ರೈತರು ವಿರೋಧಿಸಿದರು. ವಿಶ್ವೇಶ್ವರಯ್ಯನವರು ಅವರನ್ನು ಕಂಡು ಮಾತನಾಡಿ, ವಿಷಯವನ್ನು ವಿವರಿಸಿ, ಪ್ರಯೋಗದಿಂದ ನಂಬಿಸಿದರು. ಕಾಲುವೆಯ ತಲೆಯಲ್ಲಿ ಇರುವವನಿಗೂ ತುದಿಯಲ್ಲಿ ಇರುವವನಿಗೂ ನೀರಿನಲ್ಲಿ ಹಕ್ಕುಂಟೆಂಬುದೇ ಈ ಕ್ರಮದ ತಿರುಳು.

ಮುಂದೆ ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರರಾಗಿ ಅವರು ಅನೇಕ ಪಟ್ಟಣಗಳ ನೀರು ಚರಂಡಿಗಳ ಯೋಜನೆಗಳನ್ನು ಪರಿಶೀಲಿಸಿದರು. ಕನ್ನಡನಾಡಿನ ಧಾರವಾಡ, ವಿಜಾಪುರಗಳ ನೀರಿನ ಯೋಜನೆಗಳಲ್ಲಿಯೂ ಅವರ ಕೈಯಿದ್ದಿತು. 1906ರಲ್ಲಿ, ಮಳೆಯೇ ಅಪರೂಪವಾದ ಅದನ್ ಪಟ್ಟಣಕ್ಕೆ ಹೋಗಿ ಅಲ್ಲಿಯ ನೀರು ಚರಂಡಿಗಳ ವಿಷಯದಲ್ಲಿ ಸಲಹೆಯಿತ್ತರು. ಊರಿಗೆ ನೀರನ್ನು ತಂದು, ಹೊರಹೋಗುವ ಕೊಳೆನೀರಿಗೆ ದಾರಿಯನ್ನು ಮಾಡದಿದ್ದರೆ, ತಂದ ನೀರೇ ಬೀದಿಯಲ್ಲಿ ನಿಂತು ರೋಗಕ್ಕೆ ತವರಾಗುವುದು. ಆದುದರಿಂದ ನೀರಿನ ಯೋಜನೆಯೊಡನೆ ಚರಂಡಿಯ ಯೋಜನೆಯನ್ನೂ ಕೂಡಿಸಿಯೇ ಎಣಿಸಬೇಕು. ನೀರಿಗೆ ಹಣ ಕೊಡಲು ಒಪ್ಪುವ ಊರು ಚರಂಡಿಗೆ ಕೊಡಲು ಹಿಂಜರಿಯುವುದು ಎಲ್ಲ ಕಾಲದ ಪುರಸಭೆಗಳಲ್ಲಿಯೂ ಕಂಡುಬರುವ ದೋಷ.

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾಗಿ, ಮೂಸಿ ನದಿಯ ಮಹಾಪ್ರವಾಹಕ್ಕೆ ತುತ್ತಾಗಿದ್ದ ಹೈದರಾಬಾದಿನ ರಕ್ಷಣೆಗೆ ಯೋಜನೆಯನ್ನು ರಚಿಸಿಕೊಟ್ಟು, 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ವಿಶ್ವೇಶ್ವರಯ್ಯನವರು ಸ್ವದೇಶಕ್ಕೆ ಬಂದರು. 1912ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಕನ್ನಂಬಾಡಿಯ ಕಟ್ಟೆ, ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ ಮೊದಲಾದ ಮಹಾಕಾರ್ಯಗಳ ನಡುವೆಯೂ ಹಳ್ಳಿಯ ಹಾದಿ ಬಾವಿಗಳು ಅವರಿಗೆ ಮರೆಯಲಿಲ್ಲ. ಗ್ರಾಮಾಭ್ಯುದಯ ಯೋಜನೆಯೆಂಬುದನ್ನು ಪ್ರಾರಂಭಿಸಿ, ಹಳ್ಳಿಗಳಲ್ಲಿ ಸಮಿತಿಗಳನ್ನು ಏರ್ಪಡಿಸಿದರು. ಹಳ್ಳಿಗರು ವಾರಕ್ಕೆ ಅರ್ಧ ದಿನದ ಶ್ರಮವನ್ನು ಊರಿಗಾಗಿ ಸಲ್ಲಿಸತಕ್ಕದ್ದು. ಅದಕ್ಕೆ ಸರ್ಕಾರದ ಸಹಾಯಧನವು ಕೂಡತಕ್ಕದ್ದು. ಹಣವಿಲ್ಲದವನೂ ದುಡಿಮೆಯಿಂದ ಪಾಲುಗಾರನಾಗಬಹುದೆಂಬ ಈ ಕ್ರಮವು ಕಾಯಕ ದಾಸೋಹಗಳ ಮಾರ್ಗಕ್ಕೆ ಅತಿ ಸಮೀಪವಾದುದು.

ಆ ವರ್ಷಗಳಲ್ಲಿಯೇ, 1913ರಿಂದ 1920ರ ವರೆಗೆ, ವೀರಶೈವ ಸಮಾಜದ ಭೂಷಣರಾದ ಶ್ರೀ ಕೆ.ಪಿ. ಪುಟ್ಟಣ್ಣಚೆಟ್ಟರು ಬೆಂಗಳೂರು ನಗರದ ಪುರಸಭೆಗೆ ಅಧ್ಯಕ್ಷರಾಗಿದ್ದರು. 1918ರಲ್ಲಿ ಸ್ಥಳೀಯ ಮಂಡಳಿಗಳ ಮತ್ತು ಗ್ರಾಮ ಪಂಚಾಯಿತಿಗಳ ಶಾಸನವು ಹೊರಬಿದ್ದಿತು. ಆದರೆ ಶಾಸನದಿಂದ ಮಾತ್ರ ಊರಿನಲ್ಲಿ ಜವಾಬ್ದಾರಿಯು ಹುಟ್ಟುವುದಿಲ್ಲ. ಅಧಿಕಾರಿಯು ಬಂದಾಗ ಗುಡಿಸಿ, ಹೋದಾಗ ಮರೆಯುವ ಬೀದಿಯು ಅಧಿಕಾರಿಯ ಬೀದಿಯಾಗಿ ಉಳಿಯುತ್ತದೆ, ಊರವರದಾಗುವುದಿಲ್ಲ. ಪಂಚಾಯಿತಿಗಳಿಗಾಗಿ 1926ರಲ್ಲಿ ಮತ್ತೊಮ್ಮೆ ಹೊಸ ಶಾಸನವನ್ನು ರಚಿಸಬೇಕಾಯಿತು.

ಮಹಾತ್ಮರ ಚರಿತ್ರೆಯಲ್ಲಿ ಗುಣಗಳನ್ನು ಹೇಳುವುದರೊಡನೆ ವಾದಗ್ರಸ್ತವಾದ ಭಾಗವನ್ನೂ ಮರೆಮಾಡದೆ ಹೇಳುವುದು ಸತ್ಯಕ್ಕೆ ಸಲ್ಲುವ ಗೌರವ. ಸಂಸ್ಥಾನದ ಉದ್ಯೋಗಗಳು ಕೆಲವೇ ಸಮುದಾಯದವರ ವಶದಲ್ಲಿವೆಯೆಂಬ ಅಸಮಾಧಾನವು ಆಗ ಬೆಳೆದಿದ್ದಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಸ್ಥಾಪಿತವಾಯಿತು. ಲಿಂಗವಂತರೂ ಒಕ್ಕಲಿಗರೂ ಮುಸಲ್ಮಾನರೂ ಅದರಲ್ಲಿ ಸೇರಿದ್ದರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕು, ವಿದ್ಯೆಯು ಹರಡಿದರೆ ಅಸಮತೆಯು ತಾನಾಗಿ ನೀಗುವುದೆಂದು ವಿಶ್ವೇಶ್ವರಯ್ಯನವರ ಮತ. ವಿದ್ಯೆಗಾಗಿ ಅವರು ಮಾಡಿದುದೂ ಅಲ್ಪವಲ್ಲ. ಅವರ ದಿವಾನಗಿರಿಯಲ್ಲಿ ಶಾಲೆಗಳ ಸಂಖ್ಯೆಯು ಇಮ್ಮಡಿಗಿಂತ ಹೆಚ್ಚಾಯಿತು. ಆದರೂ ಮಹಾರಾಜರ ಅಭಿಪ್ರಾಯಕ್ಕೂ ದಿವಾನರ ಅಭಿಪ್ರಾಯಕ್ಕೂ ಹೊಂದಿಕೆಯಾಗದೆ, 1918ರ ಕಡೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ನೀರು ತಾನಾಗಿ ಕಾಲುವೆಯ ತುದಿಯನ್ನು ಮುಟ್ಟದು, ಅದಕ್ಕೆ ನಿಯಮಿತವಾದ ಸರದಿ ಬೇಕು ಎಂಬುದನ್ನು ನೀರಾ ಕಾಲುವೆಯಲ್ಲಿ ಅವರೇ ಕಂಡುಕೊಂಡಿದ್ದರು. ಅಧಿಕಾರವೂ ಅಂತೆಯೇ ತಾನಾಗಿ ತುದಿಯನ್ನು ಮುಟ್ಟದೆಂಬುದನ್ನು ಮಾತ್ರ ಅವರು ಒಪ್ಪಲಿಲ್ಲ. ಆ ಸರದಿಗಾಗಿ ಅನ್ಯರು ಹೋರಾಡಬೇಕಾಯಿತು. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ, ತಮ್ಮ ಮನೆತನದಲ್ಲಿ ಮೊದಲಿಗರಾಗಿ ಕಚೇರಿಯ ಮೆಟ್ಟಲನ್ನೇರಿದ ಶಿಷ್ಯರ ಸಂತತಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಮತಭೇದವು ಬಂದಾಗ ಪದವಿಗೆ ಅಂಟಿಕೊಳ್ಳದೆ ಎದ್ದುಹೋದ ಅವರ ನಿಸ್ಪೃಹತೆಯು ವಂದನೀಯವಾದುದು. ಅನಂತರವೂ ಮುಂಬಯಿ, ಕರಾಚಿ ಮೊದಲಾದ ಪಟ್ಟಣಗಳವರು ಪುರಸಭೆಯ ಕಾರ್ಯಗಳಲ್ಲಿ ಅವರ ಸಲಹೆಯನ್ನು ಪಡೆದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದುದಕ್ಕಾಗಿ ತಮಗೆ ಸಂದ ಗೌರವಧನವನ್ನು ಅವರು ಸ್ವಂತಕ್ಕೆ ಇಟ್ಟುಕೊಳ್ಳದೆ, ಬೆಂಗಳೂರಿನಲ್ಲಿ ಯುವಕರಿಗೆ ಕೈಕಸುಬನ್ನು ಕಲಿಸುವ ಸಂಸ್ಥೆಗೆ ಕೊಟ್ಟರು. ಅದಕ್ಕೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ; ಸಂಸ್ಥೆಯು ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನು ಪಡೆಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರನ್ನು ಅರಸಿಕೊಂಡು ಬಂದಿತು. ನೂರು ವರ್ಷಗಳನ್ನು ದಾಟಿದ ಆ ದೀರ್ಘಜೀವನವು 1962ರ ಏಪ್ರಿಲ್ ತಿಂಗಳಲ್ಲಿ ಮುಗಿಯಿತು. ಅಂತ್ಯಸಂಸ್ಕಾರವು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನೆರವೇರಿತು.

ಪುರಸಭೆಯ ಆಯವ್ಯಯ ಪತ್ರವೆಂಬುದು ಬರಿಯ ಅಂಕೆಗಳ ಪಟ್ಟಿಯಲ್ಲ. ಯಾವ ಕೇರಿಗೆ ನೀರು, ಯಾವ ಕೇರಿಗೆ ಕತ್ತಲೆ, ಯಾವ ಮಗುವಿಗೆ ಜ್ವರ ಎಂಬುದು ಅದರಲ್ಲಿ ಮೊದಲೇ ನಿರ್ಣಯವಾಗಿರುತ್ತದೆ. ಹಸಿದವರ ಪಂಕ್ತಿಯಲ್ಲಿ ಕಡೆಯವನಿಗೂ ಪ್ರಸಾದವು ಮುಟ್ಟಿತೇ ಎಂದು ನೋಡುವ ದಾಸೋಹದ ಕಣ್ಣು, ಆ ಪತ್ರವನ್ನು ಓದುವ ಸದಸ್ಯನಿಗೂ ಇರಬೇಕು. ತೆರಿಗೆ ಕೊಡುವ ಗೃಹಸ್ಥನಿಗೂ ಇರಬೇಕು. ಆ ಕಣ್ಣಿನೊಡನೆ ವಿಶ್ವೇಶ್ವರಯ್ಯನವರ ಲೆಕ್ಕದ ಶುದ್ಧಿಯೂ ಕೂಡಿದಲ್ಲಿ, ಸಿದ್ಧರಾಮೇಶ್ವರರ ಕೆರೆಯು ಪ್ರತಿಯೊಂದು ಊರಿನಲ್ಲಿಯೂ ತುಂಬಿ ನಿಲ್ಲುವುದು.

ಸರ್ವರಿಗೂ ಮಂಗಳವಾಗಲಿ.