ಅಂಗಡಿಯ ಪುಟ್ಟ ಮೀನೆಲ್ಲ ಟೆಟ್ರಾ ಅಲ್ಲ: ಕಾವೇರಿಯ ಮೀನು ಗುರುತಿಸಿದ ವೈದ್ಯ ಜೆರ್ಡನ್

ರಾಮನಗರವಿರಲಿ, ಚನ್ನಪಟ್ಟಣವಿರಲಿ, ಅಕ್ವೇರಿಯಂ ಅಂಗಡಿಗೆ ಹೋದಾಗ ನಾವು ಬಣ್ಣದ ಪುಟ್ಟ ಮೀನುಗಳನ್ನೆಲ್ಲ ಟೆಟ್ರಾ ಎಂದುಬಿಡುತ್ತೇವೆ. ಇದು ತಪ್ಪು. ನಿಯಾನ್, ಕಾರ್ಡಿನಲ್ ಟೆಟ್ರಾಗಳು ದಕ್ಷಿಣ ಅಮೆರಿಕದ ಹೊಳೆಗಳವು. ಹೆಚ್ಚಿನ ಟೆಟ್ರಾಗಳಿಗೆ ಬೆನ್ನಿನ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಪುಟ್ಟ ಮಾಂಸಲ ರೆಕ್ಕೆ ಇರುತ್ತದೆ, ದವಡೆಯಲ್ಲಿ ಹಲ್ಲುಗಳಿರುತ್ತವೆ. ನಮ್ಮ ನದಿಗಳ ಬಾರ್ಬ್ ಮೀನುಗಳಿಗೆ ಈ ಎರಡೂ ಇಲ್ಲ. ಅವು ಕೆಂಡೆ, ಕಾಟ್ಲಾಗಳ ಬಳಗ.

ಈ ಬಾರ್ಬ್‌ಗಳಲ್ಲಿ ಒಂದಾದ ಅರುಲಿಯಸ್ ಅನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್. 1811ರಲ್ಲಿ ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿ, 1836ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದ್ರಾಸಿಗೆ ಬಂದರು. ಹೊಟ್ಟೆಪಾಡಿಗೆ ಸೈನಿಕರ ಜ್ವರ, ಆಮಶಂಕೆಗಳ ಚಿಕಿತ್ಸೆ. ಉಳಿದ ಹೊತ್ತೆಲ್ಲ ಹಕ್ಕಿ, ಇರುವೆ, ಹಾವು, ಮೀನು. ವರ್ಗವಾದ ಊರುಗಳೇ ಅವರ ಪ್ರಯೋಗಾಲಯ.

ನಮ್ಮ ಜಿಲ್ಲೆಗೂ ಅವರ ನಂಟಿದೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಇಂದಿಗೂ ಕಾಣುವ ಹಳದಿ ಕೊರಳಿನ ಪಿಕಳಾರಕ್ಕೆ 1845ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಅವರೇ.

1849ರಲ್ಲಿ ಜೆರ್ಡನ್ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಮದ್ರಾಸಿನ ನಿಯತಕಾಲಿಕೆಯೊಂದರಲ್ಲಿ ಬರೆದರು. ಅದರಲ್ಲಿ ಶ್ರೀರಂಗಪಟ್ಟಣದ ಕಾವೇರಿಯ ಅರುಲಿಯಸ್ ಇತ್ತು. ಇದೇ ಕಾವೇರಿ ಮುಂದೆ ಕನಕಪುರದ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿಗೆ ಇಳಿಯುತ್ತದೆ.

ಆದರೆ ಜೆರ್ಡನ್ ಕೆಲಸದಲ್ಲಿ ಒಂದು ದೊಡ್ಡ ಕೊರತೆಯಿತ್ತು. ವಿವರಣೆ ಚುಟುಕು, ಹೋಲಿಸಿ ನೋಡಲು ಮೂಲ ಮಾದರಿ ಮೀನು ಉಳಿದಿಲ್ಲ. ಹೀಗಾಗಿ ನಂತರದವರು ಗೊಂದಲಕ್ಕೆ ಬಿದ್ದರು. 1954ರಲ್ಲಿ ಇ.ಜಿ. ಸೈಲಸ್ ತಮಿಳುನಾಡಿನ ತಾಮ್ರಪರ್ಣಿಯ ಮೀನನ್ನು ಅರುಲಿಯಸ್‌ನ ಉಪಪ್ರಭೇದವೆಂದು ವಿವರಿಸಿದರು. ಮುಂದೆ ಅದು ಬೇರೆಯೇ ಪ್ರಭೇದವೆಂದು ಒಪ್ಪಿತವಾಯಿತು. ಅಕ್ವೇರಿಯಂ ವ್ಯಾಪಾರದಲ್ಲಿ ಅರುಲಿಯಸ್ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಈ ತಾಮ್ರಪರ್ಣಿಯ ಮೀನೇ! 2012ರಲ್ಲಿ ಈ ಗುಂಪಿಗೆ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಗೌರವಾರ್ಥ ಡಾಕಿನ್ಸಿಯಾ ಎಂಬ ಕುಲನಾಮ ಬಂತು.

ಹಕ್ಕಿ, ಸಸ್ತನಿಗಳ ಬಗ್ಗೆ ಹೆಸರಾಂತ ಗ್ರಂಥಗಳನ್ನು ಬರೆದ ಜೆರ್ಡನ್, ಕಾಯಿಲೆ ಬಿದ್ದು ಇಂಗ್ಲೆಂಡಿಗೆ ಮರಳಿ 1872ರಲ್ಲಿ ತೀರಿಕೊಂಡರು.

ಹೆಸರಿನಲ್ಲೇನಿದೆ ಎಂದು ನಾವು ಕೇಳಬಹುದು. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದುಕೊಂಡರೆ, ಕಾವೇರಿಯಲ್ಲಿ ಅಸಲಿ ಮೀನು ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮುಂದಿನ ಸಲ ಮೀನು ಕೊಳ್ಳುವಾಗ ಬಾಲದ ಹತ್ತಿರದ ಪುಟ್ಟ ರೆಕ್ಕೆ ಇದೆಯೇ ನೋಡೋಣ. ಟೆಟ್ರಾ ಆಗಲಿ, ಬಾರ್ಬ್ ಆಗಲಿ, ಸಾಕಿ ಬೇಸರವಾಯಿತೆಂದು ಅರ್ಕಾವತಿಗೋ ಊರ ಕೆರೆಗೋ ಬಿಡುವುದು ಮಾತ್ರ ಬೇಡ.